ಮಂಜಿನೊಳಗಿನ ನಾಲ್ಕು ಶಿಖರ

ಒಂದೇ ದಿನದಲ್ಲಿ ನಾಲ್ಕು ಶಿಖರ ಹತ್ತುತ್ತೇನೆಂದು ಪಾಳೆಯಗಾರ ಚೆನ್ನವೀರ ನಾಯಕ ನೆಂಟರ ಮುಂದೆ ಜಂಬ ಕೊಚ್ಚಿಕೊಂಡಿದ್ದ. ಅವನು ಹತ್ತುವುದೆಂದರೆ ಪಲ್ಲಕ್ಕಿಯಲ್ಲಿ ಕೂರುವುದು.

"ಸಂಜೆಯೊಳಗೆ ನಾಲ್ಕೂ ಆಗದಿದ್ದರೆ ನಿಮ್ಮ ಉಂಬಳಿ ಹೊಲ ಕಿತ್ತುಕೊಳ್ಳುತ್ತೇನೆ" ಎಂದು ಹೊರುವವರಿಗೆ ಹೇಳಿದ.

ಮೊದಲ ಶಿಖರ ಮುಟ್ಟುವಷ್ಟರಲ್ಲೇ ಅವರ ಹೆಗಲು ಸುಲಿದಿತ್ತು. ನಾಯಕ ಪರದೆ ಸರಿಸಿ, ಬಂಡೆಯ ಮೇಲೆ ತಾಂಬೂಲ ಉಗಿದು, ಮತ್ತೆ ಗೊರಕೆ ಹೊಡೆದ. ಸುತ್ತಲೂ ದಟ್ಟ ಮಂಜು. ಹೊರುವವರ ಮುಖಂಡ ಪಲ್ಲಕ್ಕಿಯನ್ನು ಅಲ್ಲೇ ಇಳಿಸಿದ. ಎಲ್ಲರೂ ಬುತ್ತಿ ಬಿಚ್ಚಿದರು.

ನಾಯಕ ಒಮ್ಮೆ ಕಣ್ಣು ಬಿಟ್ಟಾಗ ಮುಖಂಡ "ಎರಡನೆಯದು, ಬುದ್ಧಿ" ಎಂದ. ಇನ್ನೊಮ್ಮೆ ಬಿಟ್ಟಾಗ "ಮೂರನೆಯದು" ಎಂದ.

"ನನಗೆ ಚೂರೂ ಆಯಾಸವಿಲ್ಲ, ನೋಡು."

"ಕಾಣ್ತಾ ಇದೆ, ಬುದ್ಧಿ."

"ನಾಲ್ಕನೆಯದು" ಎನ್ನುವ ಹೊತ್ತಿಗೆ ಮಂಜು ಸರಿಯಿತು. ಬಂಡೆಯ ಮೇಲೆ ಕೆಂಪು ಕಲೆ ಕಾಣಿಸಿತು. ನಾಯಕ ಪರದೆಯಿಂದ ತಲೆ ಹೊರಗೆ ಹಾಕಿದ.

"ಇಲ್ಲಿ ಉಗಿದವನು ಯಾರು?"

"ಬೆಳಿಗ್ಗೆ ಬಂದು ದಿನವಿಡೀ ಇಲ್ಲೇ ಮಲಗಿದ್ದವನು ಯಾರೋ ಇರಬೇಕು. ಕೆಳಗೆ ನೆಂಟರ ಮುಂದೆ ವಿಚಾರಿಸೋಣವಾ, ಬುದ್ಧಿ?"

ನಾಯಕ ಕಲೆಯನ್ನು ನೋಡಿ, ತನ್ನ ಕೆಂಪಾದ ತುಟಿ ಒರೆಸಿಕೊಂಡ. ಪರದೆ ಎಳೆದುಕೊಂಡು ಒಳಗಿನಿಂದ ಹೇಳಿದ:

"ಮೊದಲು ಆ ಬಂಡೆ ತೊಳೆಯಿರಿ. ಆಮೇಲೆ ನಾಲ್ಕೂ ಆಯಿತೆಂದು ಕಹಳೆ ಊದಿ."