ನಡುಗಡ್ಡಿ ಶಾಲೆಗೆ ತಾಯಪ್ಪ ಬೆಳಕು ತಂದದ್ದು

ಬರ್ರಿ ಕೂಸುಗಳಾ, ಹತ್ತಿರ ಬರ್ರಿ. ಆ ಚಾಪೆ ಎಳಕೊಂಡು ಕುಂದರ್ರಿ, ಒಬ್ಬರನ್ನೊಬ್ಬರು ತಳ್ಳಬ್ಯಾಡ್ರಿ. ನಗು ಬಂದರೆ ನಗ್ರಿ, ಆದರೆ ಬಾಯಿ ಮುಚ್ಚಿಕೊಂಡು ನಗ್ರಿ. ಒಬ್ಬ ತಾಯಿಯ ಹೊಟ್ಟೆಯ ಸಂಕಟ ಇದೆ ಈ ಕತೆಯೊಳಗೆ.

ಕೃಷ್ಣಾ ಹೊಳೆಯ ನಡುವೆ ಒಂದು ನಡುಗಡ್ಡಿ. ಅಲ್ಲಿ ಹಂಪಮ್ಮ ಅಂತ ಒಬ್ಬಾಕೆ. ಗಂಡ ತೀರಿಹೋಗಿದ್ದ, ಮೀನು ಮಾರಿ ಬದುಕೋಳು. ಒಬ್ಬನೇ ಮಗ, ತಾಯಪ್ಪ. ಆಳೆತ್ತರ ಬೆಳೆದಿದ್ದ, ಮೀಸೆ ಚಿಗುರಿತ್ತು, ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ‘ಹಾಲು ಉಕ್ಕೋದು ನೋಡ್ತಿರು’ ಅಂದರೆ, ಉಕ್ಕಿ ಒಲೆ ಆರೋತನಕ ನೋಡಿ, ‘ಯವ್ವಾ, ಉಕ್ಕಿತು! ನೋಡಿದೆ!’ ಅನ್ನೋನು.

‘ದೇವರೇ, ನಾ ಕಣ್ಣು ಮುಚ್ಚಿದ ಮ್ಯಾಲ ಇವನ ಗತಿ ಏನು?’ ಅಂತ ಹಂಪಮ್ಮ ಹಗಲೂ ರಾತ್ರಿ ಕೊರಗೋಳು.

ಆ ಗಡ್ಡಿಗೆ ಕರೆಂಟಿನ ಕಂಬ ಹೊಳೆ ದಾಟಿ ಬಂದಿರಲಿಲ್ಲ. ಶಾಲೆ ಒಂದೇ ಕೋಣೆ, ಕಲ್ಲಿನ ಗೋಡೆ, ಬೊಗಸೆಯಷ್ಟು ಕಿಟಕಿ. ಮಳೆಗಾಲದಾಗ ಹಗಲಲ್ಲೇ ಕತ್ತಲು. ಬೋರ್ಡಿನ ಮೇಲೆ ಬರೆದದ್ದು ಬರೆದವರಿಗೂ ಕಾಣದು. ಒಂದು ದಿನ ಶಾಲೆ ತಪಾಸಣೆಯ ಸಾಹೇಬರು ಬಂದು ನೋಡಿ, “ಇದು ಶಾಲೆಯೋ ಗವಿಯೋ? ಮಳೆ ಹಿಡಿಯೋದರೊಳಗೆ ಬೆಳಕಾಗದಿದ್ದರೆ ಬೀಗ ಹಾಕಿಸ್ತೀನಿ. ಮಕ್ಕಳು ಆಚೆ ದಡದ ಶಾಲೆಗೆ ಬರಲಿ” ಅಂದುಬಿಟ್ಟರು.

ಹೆಂಗಸರು ಕೂಸುಗಳನ್ನು ಸೆರಗಿಗೆ ಎಳಕೊಂಡರು. “ತುಂಬಿದ ಹೊಳಿಯಾಗ ಕೂಸುಗಳನ್ನ ದಿನಾ ಹರಿಗೋಲು ಹತ್ತಿಸಾಕ ಆಗ್ತೈತೇನು? ಓದೂ ಬ್ಯಾಡ, ಏನೂ ಬ್ಯಾಡ. ಮನಿಯಾಗ ಜೀವಂತ ಇರ್ಲಿ ಸಾಕು.”

ಶಾಲೆಯ ಕಸ್ತೂರಿ ಟೀಚರ್ ಊರವರನ್ನು ಕೂಡಿಸಿದಳು. “ಪಟ್ಟಣದಾಗ ಒಂದು ಸಂಘ ಐತಿ. ಶಾಲೆಗಳಿಗೆ ಸೋಲಾರ್ ಸಾಮಾನು ಪುಕ್ಕಟೆ ಕೊಡ್ತಾರ. ಹೊಳಿ ದಾಟಿಸಿ ತರೋರು ಯಾರು?”

ಗಂಡಸರೆಲ್ಲ ತಮ್ಮ ತಮ್ಮ ಬಲೆ ನೋಡಿದರು. ತಾಯಪ್ಪ ಎದ್ದು ನಿಂತ.

“ನಾ ತರ್ತೀನ್ರೀ ಟೀಚರ.”

“ಇವ ತಂದಂಗ!” ಅಂತ ಎಲ್ಲರೂ ನಕ್ಕರು. ಹಂಪಮ್ಮ ಸೆರಗಿನಾಗ ಮುಖ ಮುಚ್ಚಿಕೊಂಡಳು.

ಮೊದಲು ಬಲ್ಬು ತರಬೇಕಿತ್ತು. “ಗಾಜಿನ ಬಲ್ಬು ಮಗಾ, ಜಾರೀತು. ಗಟ್ಟಿಯಾಗಿ ಹಿಡಕೊಂಡು ಬಾ” ಅಂದಳು ತಾಯಿ. ತಾಯಪ್ಪ ಗಟ್ಟಿಯಾಗಿ ಹಿಡಕೊಂಡ. ದಾರಿಯುದ್ದಕ್ಕೂ ಹಿಡಕೊಂಡ. ಮನೆಗೆ ಬಂದು ಮುಷ್ಟಿ ಬಿಚ್ಚಿದರೆ ಗಾಜಿನ ಪುಡಿ, ಅದರ ಮೇಲೆ ರಕ್ತ.

“ಅಯ್ಯೋ ಪೆದ್ದಾ! ಹುಲ್ಲಿನಾಗ ಸುತ್ತಿ, ಬುಟ್ಟಿಯಾಗ ಇಟ್ಟು, ತಲಿಮ್ಯಾಲ ಹೊತ್ತುಕೊಂಡು ಬರಬೇಕಿತ್ತು!”

“ಆಗಲಿ ಯವ್ವಾ. ಮುಂದಿನ ಸಲ ಹಂಗೇ ಮಾಡ್ತೀನಿ. ಶಾಲಿಗೆ ಬೆಳಕು ಮಾತ್ರ ತಂದೇ ತರ್ತೀನಿ.”

ಮುಂದಿನ ಸಲ ಬ್ಯಾಟ್ರಿ ಕೊಟ್ಟರು. ತಾಯಪ್ಪ ಹುಲ್ಲು ತಂದ, ಸುತ್ತಿದ. ಬುಟ್ಟಿಯಾಗ ಉರುಳಿಸಿದ, ತಲೆಮೇಲೆ ಹೊತ್ತ. ಬ್ಯಾಟ್ರಿ ಮಗ್ಗುಲಾಗಿ, ಒಳಗಿನ ಆ್ಯಸಿಡ್ ನೀರು ಸೋರಿ ಸೋರಿ ಹೆಗಲಿಗಿಳಿಯಿತು. ಅಂಗಿ ಸುಟ್ಟು ತೂತಾಯಿತು, ತೊಗಲು ಬೆಂದಿತು. ಆದರೂ ಬುಟ್ಟಿ ಇಳಿಸದೆ ಬಂದ. ತಲೆಮೇಲೆ ಹೊತ್ತುಕೊಂಡು ಬಾ ಅಂದಿದ್ದಳಲ್ಲ ತಾಯಿ!

ಹಂಪಮ್ಮ ಆ ಹೆಗಲಿಗೆ ತಣ್ಣೀರು ಸುರಿದಳು, ಸುರಿದೇ ಸುರಿದಳು, ಕಣ್ಣೀರೂ ಸುರಿಸಿದಳು. “ಬಿಟ್ಟುಬಿಡೋ ಮಗನ. ಬ್ಯಾರೆ ಯಾರಾದರೂ ತರ್ತಾರ. ನಿನಗ್ಯಾಕ ಈ ಹಟ?”

ತಾಯಪ್ಪ ಶಾಲೆಯ ಕಡೆ ನೋಡಿದ. “ಯವ್ವಾ, ನಾ ಶಾಲಿಯಾಗ ಮೂಲಿಯಲ್ಲಿ ಕುಂದರ್ತಿದ್ದೆ. ಎಲ್ಲರೂ ಅಕ್ಷರ ಅಕ್ಷರ ಅಂತಿದ್ರು. ನನಗ ಅಲ್ಲಿ ಕರೇ ಗ್ವಾಡಿ ಬಿಟ್ರೆ ಏನೂ ಕಾಣ್ತಿರಲಿಲ್ಲ.”

ತಾಯಿಯ ಕೈ ಅಲ್ಲೇ ನಿಂತಿತು. ಇದನ್ನು ಆಕೆ ಯಾವತ್ತೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಆದರೂ ತಾಯಿಯಲ್ಲವೇ, ಬೈಯದೆ ಬಿಟ್ಟಾಳೇ? “ಬ್ಯಾಟ್ರಿ ಅಂದ್ರ ಕೂಸಿದ್ದಂಗೋ! ನೆಟ್ಟಗ ತೊಡಿಮ್ಯಾಲ ಕುಂದ್ರಿಸಿ, ಎರಡೂ ಕೈಲಿ ಅಪ್ಪಿಕೊಂಡು ಬರಬೇಕಿತ್ತು!”

“ಆಗಲಿ ಯವ್ವಾ. ಮುಂದಿನ ಸಲ ಹಂಗೇ ಮಾಡ್ತೀನಿ.”

ಕಸ್ತೂರಿ ಟೀಚರ್ ಸಂಘದವರಿಗೆ ಕೈಮುಗಿದು ಮತ್ತೆ ಬಲ್ಬು, ಮತ್ತೆ ಬ್ಯಾಟ್ರಿ ಕೇಳಿ ತಾನೇ ತಂದಳು. ಉಳಿದದ್ದು ಸೋಲಾರ್ ಪ್ಲೇಟು. ಬಾಗಿಲಿನಷ್ಟು ಅಗಲ. ಅದನ್ನು ಆಕೆಯೊಬ್ಬಳು ಎತ್ತುವ ಹಾಗಿರಲಿಲ್ಲ. ತಾಯಪ್ಪನೇ ಹೋದ. ಅಂಬಿಗರ ಯಂಕೋಬನ ಹರಿಗೋಲಿನಾಗ ಕುಂತು, ಪ್ಲೇಟನ್ನು ನೆಟ್ಟಗೆ ತೊಡೆಯ ಮೇಲೆ ನಿಲ್ಲಿಸಿ, ಎರಡೂ ಕೈಲಿ ಅಪ್ಪಿಕೊಂಡ. ಹೊಳೆಯ ನಡುವೆ ಗಾಳಿ ಬೀಸಿತು ನೋಡ್ರಿ! ಪ್ಲೇಟಿಗೆ ಗಾಳಿ ಬಡಿದು ಹರಿಗೋಲು ಬುಗುರಿಯಂಗ ತಿರುಗಿತು.

“ಏ, ಮಲಗಿಸೋ ಅದನ್ನ!” ಅಂತ ಯಂಕೋಬ ಒದರಿದ.

“ಕೂಸಿನಂಗ ಕುಂದ್ರಿಸು ಅಂದಾಳ ನಮ್ಮವ್ವ!”

“ನಿಮ್ಮವ್ವನ್ನೂ ನಿನ್ನೂ ಹೊಳಿ ನುಂಗ್ಲಿ!”

ಯಂಕೋಬನ ಕೈಯ ಹುಟ್ಟು ನೀರುಪಾಲಾಯಿತು. ಹರಿಗೋಲು ಊರು ದಾಟಿತು, ಮುಂದಿನ ಊರೂ ದಾಟಿತು, ಎಲ್ಲೋ ಮರಳಿಗೆ ಹತ್ತಿ ನಿಂತಿತು. ಮಗ ಮುಳುಗಿದ ಅಂತ ಹಂಪಮ್ಮ ದಂಡೆಯಲ್ಲಿ ಎದೆ ಬಡಕೊಂಡು ಕುಂತಿದ್ದಳು. ಮರುದಿನ ಬೆಳಗ್ಗೆ ತಾಯಪ್ಪ ಬೇರೆ ಹರಿಗೋಲು ಹತ್ತಿ, ಪ್ಲೇಟು ಹೊತ್ತುಕೊಂಡು ಬಂದ. ಅಪ್ಪಿಕೊಂಡು ಅತ್ತಳು, ಅತ್ತು ಮುಗಿಸಿ ಬೈದಳು.

“ಮುಠ್ಠಾಳಾ! ಹರಿಗೋಲಿನಾಗ ಅಡ್ಡ ಕೆಡವಿ, ಹಗ್ಗದಾಗ ಬಿಗಿದು, ಮ್ಯಾಲೊಂದು ಕಲ್ಲು ಹೇರಬೇಕಿತ್ತು!”

“ಆಗಲಿ ಯವ್ವಾ. ಮುಂದಿನ ಸಲ ಹಂಗೇ ಮಾಡ್ತೀನಿ.”

ಮುಂದಿನ ಸಲ ತರಬೇಕಾಗಿದ್ದು ಪ್ಲೇಟು ಜೋಡಿಸೋ ಮೆಕ್ಯಾನಿಕ್ಕನನ್ನು. ಖಾಜಾಸಾಬ ಅಂತ, ತೂಕದ ಮನುಷ್ಯ. ಹೊಸ ಹುಟ್ಟು ಹಿಡಿದು ಯಂಕೋಬ ಈ ಕಡೆ ದಂಡೆಗೆ ಹರಿಗೋಲು ತಂದ. ಅದರೊಳಗೆ ಏನಿತ್ತು ಅಂತೀರಿ? ಅಂಗಾತ ಮಲಗಿದ ಖಾಜಾಸಾಬ, ಕುತ್ತಿಗೆಯಿಂದ ಕಾಲಿನತನಕ ಹಗ್ಗ, ಹೊಟ್ಟೆಯ ಮೇಲೆ ಒಂದು ಕಲ್ಲು!

“ಅಮ್ಮಾ, ನಿನ್ನ ಮಗನಿಗೆ ನಾನೇನು ಅನ್ಯಾಯ ಮಾಡಿದ್ದೆ?” ಅಂದ ಆತ, ಮಲಗಿದಲ್ಲಿಂದಲೇ.

ಹಂಪಮ್ಮ ಹಗ್ಗ ಬಿಚ್ಚಿದಳು, ಆತನ ಕಾಲು ಹಿಡಿದಳು. ಮಗನ ಕಡೆ ತಿರುಗಿದಳು. “ಬಂದವರಿಗೆ ಹಿಂಗ ಮಾಡ್ತಾರೇನೋ? ಕಾಲಿಗೆ ನೀರು ಕೊಡಬೇಕು, ನೆರಳಾಗ ಕುಂದ್ರಿಸಬೇಕು, ತಣ್ಣಗ ಗಾಳಿ ಬೀಸಬೇಕು!”

“ಆಗಲಿ ಯವ್ವಾ. ಮುಂದಿನ ಸಲ ಹಂಗೇ ಮಾಡ್ತೀನಿ.”

ಖಾಜಾಸಾಬ ದೊಡ್ಡ ಮನಸ್ಸಿನವ. ಮಕ್ಕಳ ಮುಖ ನೋಡಿ ಸಿಟ್ಟು ನುಂಗಿಕೊಂಡ. ಶಾಲೆಯ ಮಾಳಿಗೆ ಹತ್ತಿ ಪ್ಲೇಟು ಕೂಡಿಸಿದ, ವೈರು ಎಳೆದ. “ಲೇ ತಾಯಪ್ಪ, ಇನ್ನು ಇದು ನಿನ್ನ ಪಾಲಿನದು. ಚೆನ್ನಾಗಿ ನೋಡ್ಕೊ” ಅಂದು ಸೂರ್ಯ ಇಳಿಯೋದರೊಳಗೆ ಹೊಳೆ ದಾಟಿದ.

ತಾಯಪ್ಪ ಚೆನ್ನಾಗಿ ನೋಡಿಕೊಂಡ. ಪ್ಲೇಟೂ ಹೊಳೆ ದಾಟಿ ಬಂದದ್ದೇ ಅಲ್ಲವೇ? ಪ್ಲೇಟಿನ ಬುಡಕ್ಕೆ ತಂಬಿಗೆ ನೀರು ಹಾಕಿದ. ಬೇವಿನ ಟೊಂಗೆ ತಂದು ಮೇಲೆ ಹಂದರ ಹಾಕಿದ. ತಾಳೆಗರಿ ಹಿಡಿದು ಬೀಸುತ್ತಾ ಕುಂತ.

ದಿನ ಕಳೆದವು. ಮೋಡ ಕಟ್ಟತೊಡಗಿತು. ಸಾಹೇಬರು ನಾಡಿದ್ದು ಬರ್ತಾರೆ ಅಂತ ಸುದ್ದಿ ಬಂತು. ಊರೆಲ್ಲ ಶಾಲೆಗೆ ಬಂದು ನಿಂತಿತು. ಟೀಚರ್ ಸ್ವಿಚ್ಚು ಒತ್ತಿದಳು. ಬಲ್ಬು ಮಿಂಚುಹುಳದಂಗ ಒಮ್ಮೆ ಮಿನುಗಿ ಆರಿತು. ಒಬ್ಬ ತಾಯಿ ತನ್ನ ಕೂಸಿನ ಅಕ್ಷರ ತಿದ್ದೋ ಪಾಟಿ ತೆಗೆದು ಸೆರಗಿನಾಗ ಕಟ್ಟಿಕೊಂಡು ಮನೆಗೆ ಹೊರಟಳು.

ಹಂಪಮ್ಮ ಮಾಳಿಗೆಯ ಕಡೆ ನೋಡಿದಳು. ಹಂದರ!

“ಮನಿಹಾಳಾ! ಅದು ಬಿಸಿಲು ಉಣ್ಣೋ ಪ್ಲೇಟೋ! ಅದಕ್ಕ ಯಾವ ನೆರಳೂ ಬೀಳಬಾರದು. ನೆರಳು ಮಾಡೋದು ಏನಿದ್ರೂ ಕಿತ್ತು ಒಗಿ! ಯಾರದು, ಎಂಥಾದ್ದು ಅಂತ ನನ್ನ ಕೇಳಾಕ ಬರಬ್ಯಾಡ!”

“ಆಗಲಿ ಯವ್ವಾ. ಹಂಗೇ ಮಾಡ್ತೀನಿ.”

ಮರುದಿನ ಸಂತೆ. ಹಂಪಮ್ಮ ಮೀನಿನ ಬುಟ್ಟಿ ಹೊತ್ತು ಆಚೆ ದಡಕ್ಕೆ ಹೋದಳು. ಸಂಜೆ ದಂಡೆಗಿಳಿದು ಮನೆಯ ದಾರಿ ಹಿಡಿದಳು. ನಡೆದಳು, ನಡೆದಳು, ಶಾಲೆ ಬಂತು. ಶಾಲೆಯ ಪಡುವಣದ ದಿಬ್ಬದ ಮೇಲೆ ತನ್ನ ಗುಡಿಸಲಿರಬೇಕು. ದಿಬ್ಬ ಇತ್ತು. ಗುಡಿಸಲು ಇರಲಿಲ್ಲ. ಬೊಂಬು ಒಂದು ಕಡೆ, ಹುಲ್ಲು ಒಂದು ಕಡೆ. ನಡುವೆ ತಾಯಪ್ಪ, ಮೈಯೆಲ್ಲ ಧೂಳು.

“ಮನಿ ಎಲ್ಲೋ, ತಾಯಪ್ಪಾ?”

“ಹಂದರ ತೆಗೆದೆ ಯವ್ವಾ. ಮಧ್ಯಾಹ್ನ ಆಗೂದೇ ತಡ, ಮತ್ತ ನೆರಳು ಬಂತು. ಯಾರದು ಅಂತ ನೋಡಿದೆ, ನಮ್ಮನಿದು. ಕೇಳಬ್ಯಾಡ ಅಂದಿದ್ದಿ. ಕೇಳಲಿಲ್ಲ.”

ಹಂಪಮ್ಮ ಬಾಯಿ ತೆರೆದಳು. ಬೈಗುಳ ಬರಲಿಲ್ಲ, ಬುದ್ಧಿಮಾತೂ ಬರಲಿಲ್ಲ. ತಿರುಗಿ ನೋಡಿದಳು. ಇಳಿಬಿಸಿಲು ಎಲ್ಲೂ ತಡೆಯದೆ ಬಂದು ಪ್ಲೇಟಿನ ಮೇಲೆ ಬಿದ್ದಿತ್ತು. ಒಂದೇ ಮಾತು ಕೇಳಿದಳು. “ಒಲಿ ಎಲ್ಲಿಟ್ಟೀಯೋ?”

“ಶಾಲಿ ಕಟ್ಟಿಮ್ಯಾಲ.”

ಮರುದಿನ ಕರೀ ಮೋಡದ ಕೆಳಗೆ ಸಾಹೇಬರು ಬಂದರು. ಟೀಚರ್ ಸ್ವಿಚ್ಚು ಒತ್ತಿದಳು. ಕೋಣೆಯ ಮೂಲೆ ಮೂಲೆಯೂ ಬೆಳಗಿತು. ಮಕ್ಕಳು ಬೋರ್ಡು ನೋಡಿ ಗಟ್ಟಿಯಾಗಿ ಓದಿದರು. ಸಾಹೇಬರು ಕೇಳುತ್ತಾ ನಿಂತರು, ಕನ್ನಡಕ ತೆಗೆದು ಒರೆಸಿಕೊಂಡರು. ಹೊರಗೆ ಬಂದರೆ ಕಟ್ಟೆಯ ಮೇಲೆ ಹಂಪಮ್ಮ ರೊಟ್ಟಿ ಬಡಿಯುತ್ತಿದ್ದಳು.

“ಏನಮ್ಮಾ, ಶಾಲೆಯಲ್ಲಿ ಒಲೆ ಹೂಡಿದ್ದೀಯಾ? ಮನೆಯಿಲ್ಲವೇ ನಿನಗೆ?”

ಹಂಪಮ್ಮ ಮಗನ ಕಡೆ ನೋಡಿದಳು. “ಇತ್ರೀ ಸಾಹೇಬ್ರ. ಪ್ಲೇಟಿಗೆ ನೆರಳು ಬೀಳ್ತಿತ್ತು. ಕಿತ್ತು ಹಾಕಿದೆವ್ರೀ, ನಾನೂ ನನ್ನ ಮಗನೂ.”

ಮುಂದೇನಾಯಿತು ಅಂತೀರಾ? ಶಾಲೆಗೆ ಬೀಗ ಬೀಳಲಿಲ್ಲ. ಪಾಟಿ ಕಟ್ಟಿಕೊಂಡು ಹೋದಾಕೆ ತಾನೇ ತಂದು ಕೂಸಿನ ಮುಂದಿಟ್ಟಳು. ಸಾಹೇಬರು ಇನ್ನೊಮ್ಮೆ ಗವಿ ಅನ್ನೋ ಮಾತು ಆಡಲಿಲ್ಲ. ಕಸ್ತೂರಿ ಟೀಚರ್ ಬೇರೆ ಊರಿಗೆ ವರ್ಗಾ ಕೇಳದೆ ಅಲ್ಲೇ ಉಳಿದಳು. ಯಂಕೋಬ ತಾಯಪ್ಪನ ಹತ್ತಿರ ಬಾಡಿಗೆ ತಗೊಳ್ಳೋದು ಬಿಟ್ಟ, ಆದರೆ ಎರಡು ಹುಟ್ಟು ಇಟ್ಟುಕೊಂಡೇ ಹೊರಡೋನು. ಖಾಜಾಸಾಬ ಮತ್ತೂ ಬಂದ, ಹಗ್ಗ ಇಲ್ಲ ಅಂತ ನೋಡಿಕೊಂಡೇ ಹರಿಗೋಲು ಹತ್ತಿದ, ತಾಯಪ್ಪನಿಗೆ ವೈರು ಜೋಡಿಸೋದನ್ನು ಕಲಿಸಿದ. ಹಂಪಮ್ಮನಿಗೆ ಊರವರೆಲ್ಲ ಸೇರಿ ದಿಬ್ಬದ ಕೆಳಗೆ ಹೊಸ ಗುಡಿಸಲು ಹಾಕಿಕೊಟ್ಟರು. ಆಕೆ ಮಗನಿಗೆ ಬುದ್ಧಿ ಹೇಳೋದನ್ನು ಮಾತ್ರ ಬಿಟ್ಟಳು.

ತಾಯಪ್ಪ ಹೊಳೆಯ ಇನ್ನುಳಿದ ಗಡ್ಡಿಗಳಿಗೂ ಹೊರಟ, ಹೆಗಲ ಮೇಲೆ ಪ್ಲೇಟು ಹೊತ್ತು. ಎಲ್ಲೆಲ್ಲಿ ಶಾಲೆ ಕತ್ತಲಾಗಿತ್ತೋ ಅಲ್ಲೆಲ್ಲ ಬೆಳಕು ಹಚ್ಚಿದ. ಈಗಲೂ ಅವನು ಬಂದನೆಂದರೆ ಊರ ಮಕ್ಕಳು ಕುಣಿಯುತ್ತಾ ಎದುರುಗೊಳ್ಳುತ್ತಾರಂತೆ. ಶಾಲೆಯ ಪಕ್ಕದ ಮನೆಯವರು ಮಾತ್ರ ಗಂಡ, ಹೆಂಡತಿ, ಅತ್ತೆ, ಮಾವ ಎಲ್ಲರೂ ಹೊರಗೆ ಬಂದು, ತಮ್ಮ ತಮ್ಮ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾರಂತೆ.