ಜೋಡಿ ಸ್ಪೀಕರ್‌ಗಳ ಮುಂದಿನ ಕುರ್ಚಿ

“ಬಹುಕಾಲ ಪ್ರೀತಿಸಿದ ವಸ್ತುವನ್ನು ಬದಲಿಸುವ ಕಾಲ ಬಂದಿದೆ ಎಂದು ತಿಳಿಯುವುದು ಹೇಗೆ, ಗುರುಗಳೇ?” ಎಂದು ವೃಷಭೇಂದ್ರ ಕೇಳಿದ.

ಅವನು ಗೃಹಸ್ಥ ಶಿಷ್ಯ. ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ತೂಗಾಟದಲ್ಲಿ ಅವನ ನೆಮ್ಮದಿ ಕೆಟ್ಟಿತ್ತು. ವಸ್ತು ಯಾವುದೆಂದು ಅವನು ಹೇಳಲಿಲ್ಲ. ಗುರುಗಳು ಕೇಳಲೂ ಇಲ್ಲ. ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ದಿನಸಿ ವ್ಯಾಪಾರ ಅವನ ಕಸುಬು. ಸಂಗೀತ ಅವನ ವ್ರತ. ಅವನ ಮನೆಯ ಪಡಸಾಲೆಯಲ್ಲಿ ಆಳೆತ್ತರದ ಎರಡು ಸ್ಪೀಕರ್‌ಗಳು ನಿಂತಿದ್ದವು. ಮದುವೆಯಾದ ವರ್ಷ ಆಸೆಪಟ್ಟು ತರಿಸಿದವು. ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಅವನೂ ಅವನ ಹೆಂಡತಿಯೂ ಅವುಗಳ ಮುಂದೆ ಕುಳಿತು ಒಂದು ಕಚೇರಿಯನ್ನು ಕೇಳುವರು. ಆ ಹೊತ್ತಿನಲ್ಲಿ ಯಾರು ಬಂದರೂ ಜಗಲಿಯಲ್ಲಿ ಕಾಯಬೇಕು. ಗಂಡ ಹೆಂಡಿರು ಒಟ್ಟಿಗೆ ಮಾಡುವ ಪೂಜೆ ಇದೊಂದೇ ಎಂದು ವರ್ತಕ ಹತ್ತು ಜನರ ಮುಂದೆ ಹೇಳಿಕೊಳ್ಳುತ್ತಿದ್ದ.

ಜೋಡಿ ಸ್ಪೀಕರ್‌ಗಳಿಗೆ ಒಂದು ಲಕ್ಷಣವಿದೆ. ಎರಡಕ್ಕೂ ಸಮದೂರದಲ್ಲಿ ಕುಳಿತವನಿಗೆ ಮಾತ್ರ ಕಚೇರಿ ಕಚೇರಿಯಾಗಿ ಕೇಳುತ್ತದೆ: ಗಾಯಕ ನಡುವೆ, ಪಿಟೀಲು ಎಡಕ್ಕೆ, ಮೃದಂಗ ಬಲಕ್ಕೆ. ಆ ಜಾಗವನ್ನು ವರ್ತಕ ದಾರ ಹಿಡಿದು ಅಳೆದಿದ್ದ. ನೆಲಕ್ಕೆ ಬಣ್ಣದ ಗುರುತು ಹಾಕಿ ತನ್ನ ಕುರ್ಚಿಯನ್ನು ಅಲ್ಲಿ ಇರಿಸಿದ್ದ. ಕಸ ಗುಡಿಸುವವಳು ಕೂಡ ಅದನ್ನು ಸರಿಸುವಂತಿರಲಿಲ್ಲ. ಹೆಂಡತಿಯ ಮಣೆ ಎಡಗೋಡೆಯ ಪಕ್ಕಕ್ಕಿತ್ತು. ಅಡುಗೆಮನೆಗೆ ಎದ್ದು ಹೋಗಲು ಅದೇ ಅನುಕೂಲವೆಂದು ಮೊದಲ ದಿನ ಹಾಕಿದ್ದು, ಹಾಗೆಯೇ ಉಳಿಯಿತು.

ವರ್ಷಗಳು ಕಳೆದವು. ಸ್ಪೀಕರ್‌ಗಳ ಒಳಗಿನ ಕಾಗದದ ಪೊರೆ ಸಡಿಲವಾಯಿತು. ಮಂದ್ರದ ಸ್ವರಗಳು ಮಸುಕಾದವು. ಸ್ಪೀಕರ್ ಅಂಗಡಿಯವನು ಹೊಸ ಜೋಡಿಯೊಂದನ್ನು ತಂದಿಳಿಸಿ, “ನಿಧಾನವಾಗಿ ಕೇಳಿ ನೋಡಿ, ಯಜಮಾನರೇ. ಬೇಡವಾದ ಜೋಡಿಯನ್ನು ನಾನು ಒಯ್ಯುತ್ತೇನೆ” ಎಂದು ಹೋದ.

ವರ್ತಕ ಒಂದೇ ಕೀರ್ತನೆಯನ್ನು ಹಳೆಯದರಲ್ಲಿ ಕೇಳಿದ, ಹೊಸದರಲ್ಲಿ ಕೇಳಿದ. ಹೊಸದರಲ್ಲಿ ಸ್ವರ ನಿರ್ಮಲ, ಗಾಯಕ ಅಪರಿಚಿತ. ಹಳೆಯದರಲ್ಲಿ ಸ್ವರ ಮಸುಕು, ಗಾಯಕ ನೆಂಟ. ಬಿಟ್ಟರೆ ದ್ರೋಹವೆನಿಸಿತು, ಇಟ್ಟುಕೊಂಡರೆ ಮೋಹವೆನಿಸಿತು. ಊಟ ರುಚಿಸದಾಯಿತು. ತನ್ನ ದಿನಸಿ ಅಂಗಡಿಯಲ್ಲಿ ಅಕ್ಕಿ ಕೇಳಿದವರಿಗೆ ಬೇಳೆ ಅಳೆದುಕೊಟ್ಟ. ಸ್ಪೀಕರ್ ಅಂಗಡಿಯವನು ಮರುದಿನ ಬರುತ್ತೇನೆಂದು ಹೇಳಿಕಳುಹಿಸಿದಾಗ, ವರ್ತಕ ಮೊದಲ ಬಾರಿಗೆ ಹೆಂಡತಿಯತ್ತ ತಿರುಗಿದ.

“ನೀನೇ ಹೇಳಿಬಿಡು. ಯಾವುದು ಇರಲಿ?”

“ಯಾವುದಾದರೂ ಇರಲಿ. ನನಗೆ ಎರಡೂ ಒಂದೇ.”

“ಒಂದೇ? ಮೃದಂಗ ವಿದ್ವಾಂಸರ ಮಗಳು ಆಡುವ ಮಾತೇ ಇದು? ಕಿವಿಗೇನಾಗಿದೆ ನಿನಗೆ?”

“ಏನೂ ಆಗಿಲ್ಲ. ದೇವರು ನನಗೂ ಎರಡು ಕೊಟ್ಟಿದ್ದಾನೆ. ಈ ಮನೆಗೆ ಬಂದಮೇಲೆ ಒಂದಕ್ಕೇ ಕೆಲಸ. ನಂಬಿಕೆಯಿಲ್ಲದಿದ್ದರೆ ಇಲ್ಲಿ ಬಂದು ಕೂತು ನೋಡಿ.”

ವರ್ತಕ ಸಿಡುಕಿನಿಂದಲೇ ಎದ್ದು ಮಣೆಯ ಮೇಲೆ ಕುಳಿತ. ಕೀರ್ತನೆ ಮೊದಲಾಯಿತು. ಪಿಟೀಲು ಕಿವಿಯನ್ನೇ ಉಜ್ಜುವಂತಿತ್ತು. ಗಾಯನ ಗೋಡೆಗೆ ಒತ್ತಿಕೊಂಡಿತ್ತು. ಮೃದಂಗ ಮಾತ್ರ ಪಕ್ಕದ ಮನೆಯಲ್ಲಿ, ಬಾಗಿಲು ಹಾಕಿಕೊಂಡು ಯಾರೋ ನುಡಿಸುತ್ತಿದ್ದಂತೆ ಕೇಳಿತು. ಅವನು ಸ್ಪೀಕರ್‌ಗಳನ್ನು ಬದಲಿಸಿ ಮತ್ತೆ ಕೇಳಿದ. ಅವಳು ಹೇಳಿದ್ದು ನಿಜ. ಅಲ್ಲಿಂದ ಎರಡೂ ಒಂದೇ.

ಒಟ್ಟಿಗೆ ಮಾಡಿದ ಪೂಜೆಯಲ್ಲಿ ಪ್ರಸಾದ ತನಗೊಬ್ಬನಿಗೇ ಸಂದಿತ್ತೆಂದು ಅವನಿಗೆ ಆಗ ತಿಳಿಯಿತು. ಮೃದಂಗದ ಮನೆಯಲ್ಲಿ ಬೆಳೆದವಳನ್ನು ಮೃದಂಗ ಕೇಳದ ಕಡೆ ಕೂರಿಸಿದ್ದ.

“ಇಷ್ಟು ವರ್ಷ ಏಕೆ ಹೇಳಲಿಲ್ಲ?” ಎಂದ. ದನಿ ತಗ್ಗಿತ್ತು.

“ನೀವು ಕಣ್ಣು ಮುಚ್ಚಿ ಕೂತಿರುತ್ತಿದ್ದಿರಿ. ಮುಗಿದಮೇಲೆ ‘ಚೆನ್ನಾಗಿತ್ತಲ್ಲವೇ’ ಎನ್ನುತ್ತಿದ್ದಿರಿ. ನಾನು ‘ಹೌದು’ ಎನ್ನುತ್ತಿದ್ದೆ. ಬೇರೆ ಏನನ್ನು ಕೇಳಿದಿರಿ, ಹೇಳಲು?”

ವರ್ತಕ ಅವಳ ಕೈಹಿಡಿದು ಎಬ್ಬಿಸಿ ತನ್ನ ಕುರ್ಚಿಯಲ್ಲಿ ಕೂರಿಸಿದ. ತಾನು ಮಣೆಗೆ ಮರಳಿದ. ಕೀರ್ತನೆ ಮತ್ತೆ ನುಡಿಯಿತು. ಮೃದಂಗವೊಂದೇ ನುಡಿಯುವ ತನಿ ಆವರ್ತನ ಬಂದಾಗ ಅವಳ ಬೆರಳುಗಳು ಕುರ್ಚಿಯ ತೋಳಿನ ಮೇಲೆ ತಾವಾಗಿ ತಾಳ ಹಾಕತೊಡಗಿದವು. ಬಳಿಕ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ವರ್ತಕ ಕಣ್ಣು ಮುಚ್ಚಲಿಲ್ಲ. ಆಗ ನುಡಿಯುತ್ತಿದ್ದ ಜೋಡಿ ಹಳೆಯದೋ ಹೊಸದೋ ಎಂಬುದು ಅವನ ಗಮನಕ್ಕೆ ಬರಲಿಲ್ಲ.

ಮರುದಿನ ಅಂಗಡಿಯವನು ಬಂದು ಒಂದು ಜೋಡಿಯನ್ನು ಒಯ್ದ.

ಗುರುಗಳು ಕತೆ ನಿಲ್ಲಿಸಿದರು. ವೃಷಭೇಂದ್ರ ಕಾದ. ಅವರು ಮುಂದುವರಿಸುವಂತೆ ಕಾಣಲಿಲ್ಲ.

“ಯಾವ ಜೋಡಿಯನ್ನು, ಗುರುಗಳೇ?”

“ನಿನ್ನ ಮನೆಯಲ್ಲಿ ನಿನ್ನ ಹೆಂಡತಿ ಎಲ್ಲಿ ಕುಳಿತುಕೊಳ್ಳುತ್ತಾಳೆ?”