ಅರ್ಧ ಪುಟ

ಹೊಳೆಯ ಈಚೆ ದಂಡೆಯಲ್ಲಿ ಗುರುಗಳ ಮಠ. ಆಚೆ ದಂಡೆಯಲ್ಲಿ ಅದರದೇ ಒಂದು ಶಾಖೆ. ಆಚೆಯ ಮಠಕ್ಕೆ ಒಬ್ಬ ಹಿರಿಯರು ಬೇಕಾಗಿದ್ದರು.

ಆ ಹಿರಿಯರು ಯಾರೆಂಬುದರಲ್ಲಿ, ಹನ್ನೆರಡು ವರ್ಷ ಸೇವೆ ಮಾಡಿದ್ದ ಶಿಷ್ಯ ಉಳವಯ್ಯನಿಗೆ ಸಂಶಯವೇ ಇರಲಿಲ್ಲ.

ಗುರುಗಳು ಅವನಿಗೊಂದು ಕೆಲಸ ಕೊಟ್ಟರು. "ಜನ 'ದೊಡ್ಡ' ಎಂಬ ಮಾತನ್ನು ಯಾವುದಕ್ಕೆಲ್ಲ ಆಡುತ್ತಾರೆ, ಕೇಳಿ ಬರೆದುಕೊಂಡು ಬಾ."

ಮೂರು ತಿಂಗಳಲ್ಲಿ ಒಂದು ಪುಸ್ತಕ ತುಂಬಿತು. ಹಿರಿಯರನ್ನು ನೇಮಿಸಲು ಗುರುಗಳು ಆಚೆ ದಡಕ್ಕೆ ಹೊರಟ ದಿನ ಉಳವಯ್ಯ ಅದನ್ನು ಅವರಿಗೆ ಓದಿ ಹೇಳಿದ.

"ದೊಡ್ಡ ಕೆರೆ. ದೊಡ್ಡ ಮನಸ್ಸು. ದೊಡ್ಡ ಕುಳ. ತೊಟ್ಟಿಲಲ್ಲಿ ಕೂಸು ಬಂದ ದಿನದಿಂದ ಮೂರು ವರ್ಷದ ಅಣ್ಣನೂ ದೊಡ್ಡವನು. ದೊಡ್ಡಪ್ಪ ನಾಲ್ಕಡಿ ಇದ್ದರೂ ದೊಡ್ಡಪ್ಪನೇ."

"ಚೆನ್ನಾಗಿದೆ. ನಿನ್ನನ್ನು ಎಲ್ಲಿ ಬರೆದಿದ್ದೀಯ?"

ಉಳವಯ್ಯ ತಲೆ ತಗ್ಗಿಸಿದ. "ಅದನ್ನು ತಾವೇ ಹೇಳಬೇಕು ಅಜ್ಜಾರ. ಜಾಗ ಬಿಟ್ಟಿದ್ದೇನೆ."

"ಎಷ್ಟು?"

"ಅರ್ಧ ಪುಟ."

ಅಂಬಿಗ ಹುಲುಗಪ್ಪ ಹರಿಗೋಲು ತಂದು ನಿಲ್ಲಿಸಿದ. ಆಚೆ ಮಠದ ಸಂಜೆಯ ದಾಸೋಹಕ್ಕೆ ಹೊರಟಿದ್ದ ಅಕ್ಕಿ ಮೂಟೆಯನ್ನು ನಡುವೆ ಇಟ್ಟ. ಗುರುಗಳನ್ನು ಒಂದು ಅಂಚಿಗೆ ಕೂರಿಸಿದ. ಎದುರಿನ ಅಂಚಿಗೆ ತನ್ನ ಆಡನ್ನು ಹತ್ತಿಸಿದ.

"ನೀವು ಆಡಿನ ಮಗ್ಗುಲಕ ಕುಂದರ್ರಿ, ಅಯ್ಯಾರ."

"ನಾನು ನಡುವೆ ಕೂರುತ್ತೇನೆ. ಆಚೆ ಜನ ಕಾಯುತ್ತಿದ್ದಾರೆ."

"ಭಾರ ಇದ್ದದ್ದು ನಡುವ ಇರ್ಬೇಕ್ರಿ. ಮೂಟಿ ನೂರು ಕೆಜಿ ಐತಿ. ನೀವು ಎಷ್ಟಿದ್ದೀರಿ?"

ಉಳವಯ್ಯ ಆಡಿನ ಪಕ್ಕ ಕೂತ. ಆಡು ಅವನನ್ನೊಮ್ಮೆ ನೋಡಿ ಸ್ವಲ್ಪ ಸರಿದು ಕೂತಿತು.

ನಡುಹೊಳೆಗೆ ಬಂದಾಗ ಆಚೆ ದಡದಲ್ಲಿ ಡೊಳ್ಳು ಕೇಳಿಸಿತು. ಜನ ಕೈ ಬೀಸುತ್ತಿದ್ದರು. ಯಾರಿಗೆ ಬೀಸುತ್ತಿದ್ದಾರೆ ಎಂಬುದು ಅವರಿಗೂ ಕಾಣಲಿ ಎಂದು ಉಳವಯ್ಯ ಎದ್ದು ನಿಂತ.

ಹರಿಗೋಲು ವಾಲಿತು. ನೀರು ಒಳಗೆ ನುಗ್ಗಿತು. ಆಡು ಅರಚಿತು. ಮೂಟೆಯ ಅರ್ಧ ನೆನೆಯಿತು, ಉಳವಯ್ಯನ ಕಂಕುಳಲ್ಲಿದ್ದ ಪುಸ್ತಕವೂ.

"ಕುಂದರ್ರೀ!" ಹುಲುಗಪ್ಪ ಹುಟ್ಟು ಒತ್ತಿ ಹರಿಗೋಲನ್ನು ನೆಟ್ಟಗೆ ಮಾಡಿದ. ಉಳವಯ್ಯ ಆಡಿನ ಕೊರಳು ಹಿಡಿದು ಕೂತುಬಿಟ್ಟ.

"ಮೂವತ್ತು ವರ್ಷದಿಂದ ದಾಟಸಾಕ ಹತ್ತೀನ್ರಿ," ಎಂದ ಹುಲುಗಪ್ಪ. "ಹರಿಗೋಲದಾಗ ಎದ್ದು ನಿಂತು ಯಾರೂ ದೊಡ್ಡವರಾಗಿಲ್ಲ. ತೊಯ್ಸಿಕೊಂಡಾರ, ಅಷ್ಟ."

ಉಳವಯ್ಯ ಉಳಿದ ದಾರಿಯುದ್ದಕ್ಕೂ ಬೊಗಸೆಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲಿದ.

ದಡ ಸೇರಿದ ಮೇಲೆ ಮೆಲ್ಲನೆ ಕೇಳಿದ: "ಅಜ್ಜಾರ, ಆ ಅರ್ಧ ಪುಟ?"

"ಒಣಗಿಸಿ ಇಟ್ಟುಕೋ. ಈಗ ಹುಲುಗಪ್ಪನ ಜೊತೆ ವಾಪಸ್ಸು ಹೋಗು, ಬೇರೆ ಅಕ್ಕಿ ತಾ."

ಉಳವಯ್ಯ ಹರಿಗೋಲು ಹತ್ತಿದ.

ಅಷ್ಟರಲ್ಲಿ ಜನ ಹೂವಿನ ಹಾರ ಹಿಡಿದು ಬಂದರು. "ಯಾರಿಗೆ ಹಾಕೋಣ ಅಜ್ಜಾರ? ನಮ್ಮ ಹಿರಿಯರು ಯಾರು?"

ಗುರುಗಳು ಹೊಳೆಯ ಕಡೆ ಕೈ ತೋರಿಸಿದರು.

"ಅಕ್ಕಿ ತರುವ ಹರಿಗೋಲನ್ನು ನೋಡುತ್ತಿರಿ. ದೂರದಿಂದ ನಿಮಗೆ ಮೂಟೆಯ ಮರೆಯಲ್ಲಿ ಕೂತವನು ಕಾಣದೆ ಮೂಟೆ, ಅಂಬಿಗ ಇಷ್ಟೇ ಕಂಡರೆ, ಹಾರ ಬಾಡುವ ಮೊದಲೇ ನಮ್ಮ ಹಿರಿಯ ಬಂದ ಎಂದುಕೊಳ್ಳಿ."